ಗಿರಿ ಪರ್ಮಿಟ್ ಅಂತ ದುಡ್ಡು ತಗೊಂಡು ಚೆಕ್‌ಪೋಸ್ಟ್‌ನಲ್ಲಿ ನಿಲ್ಲಿಸಿದರು: ಚಿಕ್ಕಮಗಳೂರು ಪ್ಯಾಕೇಜ್ ತಗೊಳ್ಳುವವರೇ, ಹುಷಾರ್

ಮನೆಯವರನ್ನೆಲ್ಲ ಕಟ್ಟಿಕೊಂಡು ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಚಿಕ್ಕಮಗಳೂರು ಕಡೆ ಹೋಗುವ ಯೋಚನೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅದರಲ್ಲೂ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ನೋಡಿ, ವಾಟ್ಸಾಪ್‌ನಲ್ಲಿ ಮಾತಾಡಿ, ಯುಪಿಐನಲ್ಲಿ ಅಡ್ವಾನ್ಸ್ ಹಾಕುವವರು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಇಳಿದಿಲ್ಲ. ಅಲ್ಲಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರೆ ಸಹಿಸಿಕೊಳ್ಳಿ.

ನಾವು ಶಿವಮೊಗ್ಗದವರು. ನಮಗೆ ಚಿಕ್ಕಮಗಳೂರು ದೂರದ ಊರೇನಲ್ಲ. ಭದ್ರಾವತಿ, ತರೀಕೆರೆ, ಲಿಂಗದಹಳ್ಳಿ ದಾಟಿದರೆ ಕಲ್ಲತ್ತಿಗಿರಿ, ಅದರ ಮೇಲೆ ಕೆಮ್ಮಣ್ಣುಗುಂಡಿ. ನಾವಿಬ್ಬರೇ ಆಗಿದ್ದರೆ ಕಾರು ತೆಗೆದುಕೊಂಡು ಹೊರಟುಬಿಡುತ್ತಿದ್ದೆವು. ಈ ಸಲ ಹುಬ್ಬಳ್ಳಿಯಿಂದ ನಾದಿನಿ ಮನೆಯವರು ದಸರಾ ರಜೆಗೆ ಬಂದಿದ್ದರು, ಅತ್ತೆ-ಮಾವ, ಮಕ್ಕಳು ಎಲ್ಲ ಸೇರಿ 11 ಜನ. ಮಾವ ಭದ್ರಾವತಿ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ಅವರ ಕಾರ್ಖಾನೆಗೆ ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ, ಹಾಗಾಗಿ ಅದನ್ನು ಇನ್ನೊಮ್ಮೆ ನೋಡಬೇಕು ಅಂತ ಅವರಿಗೆ ಆಸೆ. ಅತ್ತೆಗೆ ಒಂದೇ ಆಸೆ, ಮುಳ್ಳಯ್ಯನಗಿರಿ ಮೇಲೆ ಮುಳ್ಳಪ್ಪಸ್ವಾಮಿ ಗದ್ದುಗೆಗೆ ಕೈ ಮುಗಿಯಬೇಕು. ಅವರಿಗೆ ಮಂಡಿ ನೋವಿದೆ, "ಈಗ ಆಗದಿದ್ದರೆ ಇನ್ನು ಆಗಲ್ಲಮ್ಮ" ಅಂತ ಎರಡು ವರ್ಷದಿಂದ ಹೇಳುತ್ತಲೇ ಇದ್ದರು.

ಈಗ ಗಿರಿ, ಅಂದರೆ ಈ ಮುಳ್ಳಯ್ಯನಗಿರಿ ಬೆಟ್ಟಸಾಲಿನ ವಿಷಯ ಗೊತ್ತಲ್ವಾ, ಮೊದಲಿನ ಹಾಗೆ ಮನಸ್ಸಿಗೆ ಬಂದಾಗ ಗಾಡಿ ಹತ್ತಿಸುವ ಹಾಗಿಲ್ಲ. 2025ರ ಸೆಪ್ಟೆಂಬರ್‌ನಿಂದ ಜಿಲ್ಲಾಡಳಿತ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಬೆಳಗ್ಗೆ ಒಂದು ಹೊತ್ತು, ಮಧ್ಯಾಹ್ನದ ಮೇಲೆ ಒಂದು ಹೊತ್ತು, ಪ್ರತಿ ಹೊತ್ತಿಗೆ 600 ಗಾಡಿ ಅಂತ ಲೆಕ್ಕ ಇಟ್ಟರು. ಅದಕ್ಕೆ ಮೊದಲು ಗಾಡಿಗಳು ಆ ಕಿರಿದಾದ ರಸ್ತೆಯಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತಿದ್ದದ್ದನ್ನು ನೋಡಿದವರಿಗೆ ಇದು ತಪ್ಪು ಅನ್ನಿಸುವುದಿಲ್ಲ. ನನಗೂ ಅನ್ನಿಸಲಿಲ್ಲ. ಆದರೆ ಇದನ್ನೇ ಇಟ್ಟುಕೊಂಡು ಜನರನ್ನು ಸುಲಿಯುವವರು ಹುಟ್ಟಿಕೊಂಡಿದ್ದಾರೆ. ನಾನು ಬರೆಯುತ್ತಿರುವುದು ಅವರ ಬಗ್ಗೆ.

ನಾವು ಪ್ಯಾಕೇಜ್ ಬುಕ್ ಮಾಡಿದ್ದು ಒಂದು ಇನ್‌ಸ್ಟಾಗ್ರಾಂ ಪೇಜ್‌ನವರ ಹತ್ತಿರ. ಆ ಪೇಜ್‌ಗೆ ಸಾವಿರಾರು ಫಾಲೋವರ್ಸ್ ಇದ್ದರು. ರೀಲ್ಸ್ ಎಲ್ಲ ಮಂಜು, ಕಾಫಿ ತೋಟ, ಹೆಂಚಿನ ಮನೆ. ಫೋನ್‌ನಲ್ಲಿ ಮಾತಾಡಿದವನು ಅಷ್ಟು ನಯವಾಗಿ ಮಾತಾಡಿದ. "ಮೇಡಂ, ನೀವು ಬಟ್ಟೆ ಪ್ಯಾಕ್ ಮಾಡ್ಕೊಂಡು ಗಾಡಿ ಹತ್ತಿ ಸಾಕು, ಉಳಿದಿದ್ದೆಲ್ಲ ನಮ್ಮದು." ತಲೆಗೆ 4,800. ಅದರಲ್ಲಿ ಟಿಟಿ, ಹೋಮ್‌ಸ್ಟೇ, ಊಟ-ತಿಂಡಿ, ಹೆಬ್ಬೆ ಜಲಪಾತದ ಜೀಪು, ಎಲ್ಲ ಸೇರಿದೆ. ಅದರ ಮೇಲೆ "ಗಿರಿ ಪರ್ಮಿಟ್" ಅಂತ ತಲೆಗೆ 150 ಬೇರೆ. ರಜೆ ರಶ್, ಸ್ಲಾಟ್ ಸಿಗುವುದೇ ಕಷ್ಟ, ನಮಗೆ ಒಳಗಡೆ ಜನ ಇದ್ದಾರೆ ಅಂದ. ಈಗ ಕೇಳಿ. ಅದು ತಲೆಗೆ ಇಷ್ಟು ಅಂತ ಇರುವುದೇ ಅಲ್ಲ, ಗಾಡಿಗೆ ಇಷ್ಟು ಅಂತ. 11 ಜನರಿಂದ 1,650 ರೂಪಾಯಿ ಇಸಿದುಕೊಂಡವನು ಒಂದು ಗಾಡಿಗೆ ಕಟ್ಟಬೇಕಾದ ದುಡ್ಡನ್ನೂ ಕಟ್ಟಿರಲಿಲ್ಲ.

ಹೊರಡುವ ಹಿಂದಿನ ರಾತ್ರಿ ಪರ್ಮಿಟ್ ಕಳಿಸಿದ. ಕ್ಯುಆರ್ ಕೋಡ್ ಇತ್ತು, ತಾರೀಕು ಇತ್ತು, ಗಾಡಿ ನಂಬರ್ ಇತ್ತು. ಬೆಳಗ್ಗೆ ಬಂದ ಗಾಡಿ ನಂಬರ್ ಬೇರೆ. ಅದೂ ಒಂದೂವರೆ ಗಂಟೆ ತಡವಾಗಿ ಬಂತು. ಕೇಳಿದರೆ "ಆ ಗಾಡಿ ಬ್ರೇಕ್‌ಡೌನ್ ಆಯ್ತು ಮೇಡಂ, ಪರ್ಮಿಟ್‌ನಲ್ಲಿ ನಂಬರ್ ಚೇಂಜ್ ಮಾಡಿಸಿ ಕಳಿಸ್ತೀನಿ" ಅಂದ. ಹತ್ತೇ ನಿಮಿಷಕ್ಕೆ ಹೊಸ ನಂಬರ್ ಹಾಕಿದ ಪರ್ಮಿಟ್ ಬಂತು. ಇಷ್ಟು ಬೇಗ ಮಾಡಿಸಿದನಲ್ಲ ಅಂತ ನಮ್ಮವರು ಹೊಗಳಿದರು ಕೂಡ.

ಮೊದಲ ದಿನದ ಕಥೆ ಬೇಗ ಹೇಳಿಬಿಡುತ್ತೇನೆ. ಕಲ್ಲತ್ತಿಗಿರಿ ಚೆನ್ನಾಗಿತ್ತು, ವೀರಭದ್ರ ದೇವಸ್ಥಾನದ ಎದುರು ಬಂಡೆಗಳ ಮೇಲೆ ನೀರು ಧಾರಾಳವಾಗಿ ಇಳಿಯುತ್ತಿತ್ತು, ಮಕ್ಕಳು ಖುಷಿಯಾಗಿದ್ದರು. ಕೆಮ್ಮಣ್ಣುಗುಂಡಿಗೆ ಹೋಗುವಷ್ಟರಲ್ಲಿ ತಡವಾಗಿತ್ತು, ಅಲ್ಲಿನ ಜಡ್ ಪಾಯಿಂಟ್ ಅನ್ನುವ ವ್ಯೂ ಪಾಯಿಂಟ್ ಕ್ಯಾನ್ಸಲ್. ಮಾವ ತೋಟಗಾರಿಕೆ ಇಲಾಖೆಯ ತೋಟದಲ್ಲಿ ಅರ್ಧ ಗಂಟೆ ಕೂತು ಎದ್ದರು, ಅಷ್ಟೇ. ಹೆಬ್ಬೆ ಅಂದರೆ ಡ್ರೈವರ್ ಹುಡುಗ "ಮಳೆಗೆ ಕ್ಲೋಸ್ ಮಾಡಿದಾರಂತೆ, ಓನರ್ ಹೇಳಿದ್ರು" ಅಂದ. ಹೆಬ್ಬೆಗೆ ನಮ್ಮ ಗಾಡಿ ಬಿಡುವುದಿಲ್ಲ, ಕಾಡಿನೊಳಗೆ ಜೀಪಿನಲ್ಲೇ ಹೋಗಬೇಕು, ಅದಕ್ಕೆ ಬೇರೆ ದುಡ್ಡು. ಮಳೆ ಅಂದರೆ ಮಳೆ, ಅರಣ್ಯ ಇಲಾಖೆಯವರು ಬೇಡ ಅಂದರೆ ಯಾರೇನು ಮಾಡುವುದು ಅಂತ ಸುಮ್ಮನಾದೆವು. ರಾತ್ರಿ ಊಟಕ್ಕೆ ಕೂತಾಗ ಪಕ್ಕದ ಟೇಬಲ್‌ನಲ್ಲಿ ಹಾಸನದ ಒಂದು ಸಂಸಾರ. ಅವರ ಮಗಳು ಮೊಬೈಲ್‌ನಲ್ಲಿ ಫೋಟೋ ತೋರಿಸುತ್ತಾ "ಆಂಟಿ, ಇವತ್ತು ಹೆಬ್ಬೆ ಸೂಪರ್ ಆಗಿತ್ತು" ಅಂದಳು. ಇವತ್ತು! ನಾವು ಕೆಮ್ಮಣ್ಣುಗುಂಡಿಯಲ್ಲಿ ಇದ್ದ ಹೊತ್ತಿಗೇ ಅವರು ಅಲ್ಲಿದ್ದರು. ಜೀಪಿನ ದುಡ್ಡು ಉಳಿಸಲು ಬಾಗಿಲು ಮುಚ್ಚಿದೆ ಅಂತ ಸುಳ್ಳು ಹೇಳಿಸಿದ್ದಾನೆ. ಫೋನ್ ಮಾಡಿದರೆ ಅವನ ಉತ್ತರ: "ನಮ್ಮ ಇನ್ಫರ್ಮೇಶನ್ ಪ್ರಕಾರ ಕ್ಲೋಸ್ ಇತ್ತು ಮೇಡಂ, ನಾಳೆ ಅಡ್ಜಸ್ಟ್ ಮಾಡೋಣ."

ಹೋಮ್‌ಸ್ಟೇ ಅಂತ ತೋರಿಸಿದ್ದು ಹೆಂಚಿನ ಮನೆ, ಮರದ ಕಂಬದ ಉದ್ದನೆಯ ವರಾಂಡ, ಎದುರಿಗೆ ಕಾಫಿ ತೋಟ. ಇಳಿಸಿದ್ದು ಮೇನ್ ರೋಡ್ ಪಕ್ಕದ ಎರಡಂತಸ್ತಿನ ಕಾಂಕ್ರೀಟ್ ಕಟ್ಟಡದ ಎದುರು. ಆ ಮನೆಯವರನ್ನು ನಾನು ದೂರುವುದಿಲ್ಲ. ಅವರು ಪಾಪ, "ನಮಗೆ ಇವತ್ತು ಮಧ್ಯಾಹ್ನ ಫೋನ್ ಮಾಡಿ ಹೇಳಿದ್ದಮ್ಮ" ಅಂತ ಹೇಳಿ, ಅಷ್ಟು ಹೊತ್ತಿನಲ್ಲೂ ಅಕ್ಕಿರೊಟ್ಟಿ ಮಾಡಿಕೊಟ್ಟರು.

ಈಗ ಗಿರಿ ದಾರಿಯ ಕೈಮರ ಚೆಕ್‌ಪೋಸ್ಟ್‌ಗೆ ಬರುತ್ತೇನೆ. ಬೆಳಗ್ಗೆ ಬೇಗ ಎದ್ದು, ಅತ್ತೆ ಮಡಿ ಸೀರೆ ಉಟ್ಟುಕೊಂಡು, ಬುಟ್ಟಿಯಲ್ಲಿ ಹೂವು, ಹಣ್ಣು-ಕಾಯಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ಗಾಡಿ ಸಾಲು ಉದ್ದ ಇತ್ತು. ನಮ್ಮ ಸರದಿ ಬಂತು. ಅಲ್ಲಿದ್ದ ಸಿಬ್ಬಂದಿ ನನ್ನ ಮೊಬೈಲ್ ಇಸಿದುಕೊಂಡು ಸ್ಕ್ಯಾನ್ ಮಾಡಿದರು. ಇನ್ನೊಮ್ಮೆ ಮಾಡಿದರು. ಆಮೇಲೆ ನನ್ನ ಮುಖ ನೋಡಿದರು. "ಇದು ಯಾರು ಮಾಡಿಕೊಟ್ಟಿದ್ದು ಮೇಡಂ? ಇದು ನಿನ್ನೆಯ ಬುಕಿಂಗ್. ಗಾಡಿನೂ ಇದಲ್ಲ, ಒಂದು ಕಾರಿನದ್ದು. ನಿನ್ನೆ ಆ ಕಾರು ಹೋಗಿ ಬಂದಿದೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಸರ್ವರ್ ತೊಂದರೆ ಇರಬೇಕು, ಇನ್ನೊಮ್ಮೆ ನೋಡಿ ಅಂದೆ. ಆಗ ಅವರು ಮೊಬೈಲ್‌ನಲ್ಲಿ ಆ ಚಿತ್ರವನ್ನು ದೊಡ್ಡದು ಮಾಡಿ ನನಗೇ ತೋರಿಸಿದರು. ಗಾಡಿ ನಂಬರ್ ಇರುವ ಜಾಗದಲ್ಲಿ ಅಕ್ಷರ ಉಳಿದ ಅಕ್ಷರಗಳಿಗಿಂತ ದಪ್ಪ ಇತ್ತು. ಅದರ ಹಿಂದೆ ಬಿಳಿ ಪಟ್ಟಿ. ಹಾಳೆಯ ಬಣ್ಣ ಸ್ವಲ್ಪ ಬೂದು, ಆ ಪಟ್ಟಿ ಮಾತ್ರ ಅಚ್ಚ ಬಿಳಿ. ತಾರೀಕಿನ ಹಿಂದೆಯೂ ಹಾಗೇ. ಯಾರದ್ದೋ ಹಳೆಯ ಟಿಕೆಟ್ ತೆಗೆದುಕೊಂಡು, ಮೇಲೆ ಬಿಳಿ ಬಳಿದು, ನಮ್ಮ ನಂಬರ್ ಬರೆದು ಕಳಿಸಿದ್ದಾನೆ. ಹತ್ತು ನಿಮಿಷದಲ್ಲಿ "ಚೇಂಜ್ ಮಾಡಿಸಿದ್ದು" ಹೀಗೆ. ಇಲಾಖೆಯಲ್ಲಿ ಜನ ಇದ್ದಾರೆ ಅಂದಿದ್ದನಲ್ಲ, ಅವನ ಹತ್ತಿರ ಇದ್ದದ್ದು ಫೋಟೋ ಎಡಿಟ್ ಮಾಡುವ ಒಂದು ಆಪ್.

ಹಿಂದೆ ಗಾಡಿಯವರು ಹಾರ್ನ್ ಹೊಡೆಯಲು ಶುರು ಮಾಡಿದರು. ನಕಲಿ ಟಿಕೆಟ್ ತಂದವರು ಅಂತ ಅಕ್ಕಪಕ್ಕದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನಾನು ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುವವಳು. ನನ್ನ ಕೈಯಲ್ಲಿ ನಕಲಿ ಕಾಗದ, ನಾದಿನಿಯ ಗಂಡ ಗಾಡಿಯಿಂದ ಇಳಿದು "ಏನಾಯ್ತು, ಏನಾಯ್ತು" ಅಂತ ಕೇಳುತ್ತಿದ್ದಾರೆ, ಅತ್ತೆ ಬುಟ್ಟಿ ಹಿಡಿದುಕೊಂಡು ಕಿಟಕಿಯಿಂದ ನೋಡುತ್ತಿದ್ದಾರೆ. ಆ ಅವಮಾನ ನನಗೆ ಮರೆಯಲು ಆಗುತ್ತಿಲ್ಲ. ಸಿಬ್ಬಂದಿ ಒಳ್ಳೆಯವರು, ಕೂಗಾಡಲಿಲ್ಲ. ಈಗಲೇ ಬುಕ್ ಮಾಡಲು ಆಗುತ್ತಾ ನೋಡಿ ಅಂದರು. ನೋಡಿದೆವು. ಆ ದಿನದ ಎರಡೂ ಹೊತ್ತು ಭರ್ತಿ. "ರಜೆ ಮೇಡಂ, ಏನೂ ಮಾಡೋಕಾಗಲ್ಲ, ಗಾಡಿ ತಿರುಗಿಸಿ" ಅಂದರು. ತಿರುಗಿಸಿದೆವು.

ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಮೆಸೇಜ್‌ಗೆ ಉತ್ತರ ಬಂತು. ಅವನು ಬರೆದಿದ್ದನ್ನು ಹಾಗೇ ಕೊಡುತ್ತೇನೆ.

"ಸರ್ವರ್ ಪ್ರಾಬ್ಲಂ ಇರುತ್ತೆ ಮೇಡಂ, ಸ್ವಲ್ಪ ಹೊತ್ತು ವೇಯ್ಟ್ ಮಾಡಿ."

ಟಿಕೆಟ್ ನಿನ್ನೆಯದು, ಕಾರಿನದ್ದು ಅಂತ ಬರೆದೆ. "ಅದು ನಮ್ಮ ಏಜೆಂಟ್ ಮಾಡಿದ್ದು, ನಮಗೂ ಮೋಸ ಆಗಿದೆ."

ಹಾಗಾದರೆ ಏಜೆಂಟ್ ನಂಬರ್ ಕೊಡಿ ಅಂದೆ. "ಅದು ಕಾನ್ಫಿಡೆನ್ಷಿಯಲ್ ಮೇಡಂ."

ದುಡ್ಡು ವಾಪಸ್ ಕೊಡಿ, ನಮ್ಮ ಅತ್ತೆಯವರು ಇದಕ್ಕೋಸ್ಕರವೇ ಬಂದದ್ದು ಅಂದೆ. ಅದಕ್ಕೆ ಬಂದ ಉತ್ತರ ನೋಡಿ: "ನಿಮ್ಮ ಅತ್ತೆಗೆ ಮಂಡಿ ನೋವು ಅಂತ ನೀವೇ ಹೇಳಿದ್ರಿ. ಹೇಗೂ ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ ಅಲ್ವಾ?"

ಇದನ್ನು ಓದಿ ನನ್ನ ಕೈ ನಡುಗಿತು. ಬುಕ್ ಮಾಡುವಾಗ ಮಂಡಿ ನೋವಿನ ವಿಷಯ ಹೇಳಿದ್ದು ಮುಂದಿನ ಸೀಟು ಕೊಡಲಿ, ಗಾಡಿ ಆದಷ್ಟು ಮೇಲೆ ತನಕ ಹೋಗಲಿ ಅಂತ. ಆಗ "ನಮ್ಮ ಅಮ್ಮನ ಥರ ನೋಡ್ಕೊಳ್ತೀವಿ" ಅಂದವನು ಇವನೇ. ದುಡ್ಡು ಹೋದದ್ದಕ್ಕಿಂತ ಈ ಒಂದು ಮಾತಿಗೆ ನನಗೆ ಸಿಟ್ಟು ಜಾಸ್ತಿ. ಅತ್ತೆಗೆ ಇದನ್ನು ನಾನು ತೋರಿಸಿಲ್ಲ.

ಕೊನೆಗೆ ಡ್ರೈವರ್ ಹುಡುಗನೇ ಪಾಪ ಅನ್ನಿಸಿ ಹಿರೇಕೊಳಲೆ ಕೆರೆಗೆ ಕರೆದುಕೊಂಡು ಹೋದ. ಕೆರೆ ಚೆಂದ ಇದೆ, ಅದರ ಬಗ್ಗೆ ಎರಡು ಮಾತಿಲ್ಲ. ಅಲ್ಲಿಂದ ಗಿರಿ ಸಾಲು ಕಾಣುತ್ತದೆ. ಅತ್ತೆ ಅಲ್ಲಿಂದಲೇ ಬೆಟ್ಟದ ಕಡೆ ತಿರುಗಿ ಕೈ ಮುಗಿದರು, ಏರಿಯ ಮೇಲೆ ಒಂದು ಕಲ್ಲಿಗೆ ಕಾಯಿ ಒಡೆದರು. ಯಾರಿಗೂ ಒಂದು ಮಾತು ಅನ್ನಲಿಲ್ಲ. ಅವರು ಬೈದಿದ್ದರೇ ಚೆನ್ನಾಗಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಹೋಮ್‌ಸ್ಟೇಗೆ ವಾಪಸ್ ಬಂದು ಬ್ಯಾಗ್ ತೆಗೆದುಕೊಳ್ಳುವಾಗ ಆ ಮನೆಯವರು ತುಂಬಾ ಸಂಕೋಚದಿಂದ "ನಿಮ್ಮ ಟೂರ್‌ನವರು ಇನ್ನೂ ದುಡ್ಡು ಹಾಕಿಲ್ಲ" ಅಂದರು. ಡ್ರೈವರ್ ಹುಡುಗನಿಗೂ ಡೀಸೆಲ್‌ಗೆ ಕೊಟ್ಟಿರಲಿಲ್ಲ, ತರೀಕೆರೆ ಬಂಕ್‌ನಲ್ಲಿ ನಮ್ಮ ಹತ್ತಿರವೇ ಕೇಳಿದ. ಕೊಟ್ಟೆವು. ಮನೆ ಸೇರಬೇಕಲ್ಲ. ಹೋಮ್‌ಸ್ಟೇಯವರಿಗೂ ಅರ್ಧ ಕೊಟ್ಟು ಬಂದೆವು, ಅವರ ಅನ್ನ ತಿಂದು ಹಾಗೇ ಬರಲು ನಮಗೆ ಆಗಲಿಲ್ಲ. ಅಂದರೆ ಒಂದೇ ಟ್ರಿಪ್‌ಗೆ ಎರಡೆರಡು ಸಲ ದುಡ್ಡು.

ಊರಿಗೆ ಬಂದ ಮೇಲೆ ರಿಫಂಡ್ ಕೇಳಿದರೆ ಮುಂದಿನ ದಾಂಡೇಲಿ ಟ್ರಿಪ್‌ಗೆ ತಲೆಗೆ 500 ರೂಪಾಯಿ ಡಿಸ್ಕೌಂಟ್ ಕೊಡುತ್ತಾನಂತೆ. ಆಮೇಲೆ "ರಿವ್ಯೂ ಹಾಕಿದ್ರೆ ಅದೂ ಇಲ್ಲ" ಅಂತ ಇನ್ನೊಂದು ಮೆಸೇಜ್. ಆಮೇಲೆ ಬ್ಲಾಕ್. ನಮ್ಮವರ ನಂಬರ್‌ನಿಂದ ಮಾಡಿದರೆ ಅದೂ ಬ್ಲಾಕ್. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ, ನಕಲಿ ಟಿಕೆಟ್ ವಿಷಯಕ್ಕೆ ಸೈಬರ್ ವಂಚನೆಯ 1930ಕ್ಕೂ ಫೋನ್ ಮಾಡಿದ್ದೇವೆ. ದೂರಿನ ನಂಬರ್ ಸಿಕ್ಕಿದೆ, ದುಡ್ಡು ಸಿಕ್ಕಿಲ್ಲ. ಹೆಸರು ಯಾಕೆ ಹಾಕುತ್ತಿಲ್ಲ ಅಂತ ಕೇಳಬೇಡಿ, ದೂರು ನಡೆಯುತ್ತಿದೆ, ಅಲ್ಲದೆ ಅವನು ಪೇಜ್‌ನ ಹೆಸರನ್ನೇ ಬದಲಾಯಿಸಿದ್ದಾನೆ.

ಹೋಗುವವರಿಗೆ ಇಷ್ಟೇ ಹೇಳುವುದು. ಗಿರಿ ಬುಕಿಂಗ್ ನೀವೇ ಮಾಡಿ, ನಿಮ್ಮ ಮೊಬೈಲ್‌ನಿಂದ, ಗಾಡಿ ನಂಬರ್ ಕೈಗೆ ಬಂದ ಮೇಲೆ. ಯಾರಾದರೂ "ತಲೆಗೆ ಇಷ್ಟು" ಅಂದರೆ ಅಲ್ಲೇ ಮಾತು ನಿಲ್ಲಿಸಿ. ರಜೆ ದಿನ, ಶನಿವಾರ-ಭಾನುವಾರ ಬೇಡ, ವಯಸ್ಸಾದವರು ಇದ್ದರೆ ಖಂಡಿತ ಬೇಡ. ಹೆಬ್ಬೆ ತೆರೆದಿದೆಯಾ ಇಲ್ಲವಾ ಅಂತ ಅಲ್ಲಿನ ಜೀಪ್ ಕೌಂಟರ್‌ನಲ್ಲೇ ಕೇಳಿ, ಗಾಡಿಯವನ ಬಾಯಲ್ಲಿ ಕೇಳಬೇಡಿ. ಹೋಮ್‌ಸ್ಟೇಯವರ ಫೋನ್ ನಂಬರ್ ಮೊದಲೇ ಇಸಿದುಕೊಂಡು ನೇರವಾಗಿ ಮಾತಾಡಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ ಕೇಳಿ. ಟಿಟಿ ಬೇಕಾದರೆ ನಿಮ್ಮ ಊರಿನ ಸ್ಟ್ಯಾಂಡ್‌ನಲ್ಲೇ ಮಾಡಿ, ಹೆಚ್ಚುಕಮ್ಮಿ ಆದರೆ ಮಾರನೇ ದಿನ ಹೋಗಿ ಎದುರಿಗೆ ನಿಂತು ಕೇಳಬಹುದು. ಯುಪಿಐನಲ್ಲಿ ಪೇಜ್‌ನ ಹೆಸರು ಒಂದು, ದುಡ್ಡು ಹೋಗುವ ಹೆಸರು ಇನ್ನೊಂದು ಇದ್ದರೆ ಅಡ್ವಾನ್ಸ್ ಹಾಕಲೇಬೇಡಿ.

ಹೊಸ ಹೆಸರಿನ ಪೇಜ್‌ನಲ್ಲಿ ನಿನ್ನೆ ದಾಂಡೇಲಿ, ಯಾಣ ಪ್ಯಾಕೇಜ್ ಹಾಕಿದ್ದಾನೆ. ದಾಂಡೇಲಿಯ ಹೋಮ್‌ಸ್ಟೇ ಅಂತ ಹಾಕಿರುವುದು ಚಿಕ್ಕಮಗಳೂರಿನದ್ದು ಅಂತ ನಮಗೆ ಕಳಿಸಿದ್ದ ಅದೇ ಫೋಟೋ. ಹೆಂಚಿನ ಮನೆ, ಮರದ ಕಂಬದ ವರಾಂಡ, ಎಡಗಡೆ ಕಂಬಕ್ಕೆ ನೇತು ಹಾಕಿದ ಹಳದಿ ಬಣ್ಣದ ಕೊಡೆ. ಆ ಫೋಟೋ ನಿಮಗೆ ಬಂದರೆ ಒಂದು ಪೈಸೆ ಹಾಕಬೇಡಿ, ಸ್ಕ್ರೀನ್‌ಶಾಟ್ ತೆಗೆದು ನನಗೆ ಕಳಿಸಿ. ದೂರಿಗೆ ಸೇರಿಸುತ್ತೇನೆ.