ಪೈಪ್ ತುಂಡು ಕೊಟ್ಟು ಸುಳ್ಳು ಕಾರಣ ತಂದುಕೊಂಡೆ, ನೀವು ಹೀಗೆ ಮೋಸ ಹೋಗಬೇಡಿ

ಬರೆಯೋದೋ ಬೇಡವೋ ಅಂತ ಎರಡು ವಾರ ಯೋಚಿಸಿದೆ. ಬರೆದರೆ ನನ್ನ ತಪ್ಪೂ ಬಯಲಾಗುತ್ತದೆ. ಆಗಲಿ. ಪೈಪ್‌ಲೈನ್ ಒಳಗೆ ಯಾಕೆ ತುಕ್ಕು ಹಿಡಿಯಿತು ಎಂದು ಹೊರಗಿನವರಿಂದ ತನಿಖೆ ಮಾಡಿಸುವವರು ಇದನ್ನು ಓದಲೇಬೇಕು. ಹೆಸರು ಹೇಳಲ್ಲ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ನಾನು ನೋಡಿಕೊಳ್ಳುವುದು ಒಂದು 8 ಇಂಚಿನ ಕಾರ್ಬನ್ ಸ್ಟೀಲ್ ಲೈನ್. ಸೆಪರೇಟರ್‌ನಲ್ಲಿ ಎಣ್ಣೆಯಿಂದ ಬೇರೆಯಾದ ಉಪ್ಪುನೀರು ಅದರಲ್ಲಿ ಹೋಗುತ್ತದೆ. ಆ ನೀರಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದೆ, ಅದು ನೀರನ್ನು ಆಮ್ಲೀಯ ಮಾಡುತ್ತದೆ. ಸ್ವಲ್ಪ ಮರಳೂ ಬರುತ್ತದೆ. ಒಂದು ದಿನ ಲೈನ್ ಇಳಿದು ಮತ್ತೆ ಏರುವ ತಗ್ಗಿನಲ್ಲಿ ಸೂಜಿ ತೂರುವಷ್ಟು ತೂತು ಬಿತ್ತು. ಗೋಡೆಯ ದಪ್ಪ ಅಳೆಯುವ ಅಲ್ಟ್ರಾಸೋನಿಕ್ ಮೀಟರ್ ಇಟ್ಟು ನೋಡಿದೆವು. ಮೇಲ್ಗಡೆ ಗೋಡೆ 8 ಮಿಲಿಮೀಟರ್ ಹಾಗೇ ಇದೆ. ತಳದಲ್ಲಿ, ಗಡಿಯಾರದ ಮುಳ್ಳು 6ಕ್ಕೆ ನಿಲ್ಲುವ ಜಾಗದಲ್ಲಿ, ಕೆಲವು ಕಡೆ 3 ಮಿಲಿಮೀಟರ್ ಕೂಡ ಇಲ್ಲ. ಹೊರಗಿನ ಬಣ್ಣ ಮಾತ್ರ ಹೊಸದರ ಹಾಗೆ ಇತ್ತು.

ಕಾರಣ ಹುಡುಕಲು ಒಂದು ಕಂಪನಿಯನ್ನು ಕರೆಸಿದೆ. ಅವರೇ ಪೈಪ್‌ಲೈನ್ ರಾಸಾಯನಿಕಗಳನ್ನೂ ಮಾರುತ್ತಾರೆ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕರೆಸಿದೆ. ಬೇಗ ಬರುತ್ತೇವೆ, ಎರಡೇ ವಾರದಲ್ಲಿ ವರದಿ ಕೊಡುತ್ತೇವೆ ಅಂದರು, ಒಪ್ಪಿಬಿಟ್ಟೆ.

ಅವರ ಕಡೆಯಿಂದ ಇಬ್ಬರು ಬಂದರು. ಲೈನ್ ಖಾಲಿ ಮಾಡಿ ತೂತಿದ್ದ ತುಂಡನ್ನು ಕತ್ತರಿಸಿ ಹೊರಗೆ ತೆಗೆದೆವು. ಒಳಗೆ ತಳದಲ್ಲಿ ಬೆರಳು ದಪ್ಪ ಕೆಸರು. ಕಪ್ಪು, ಜಿಡ್ಡು, ಮರಳು ಮರಳು. ಅದರಡಿ ಲೋಹಕ್ಕೆ ಅಂಟಿಕೊಂಡ ಬೂದು ಬಣ್ಣದ ಪದರ. ಈ ಕೆಲಸ ಮಾಡಿದವರಿಗೆ ಗೊತ್ತು, ಆ ಪದರದಲ್ಲೇ ಅರ್ಧ ಉತ್ತರ ಇರುತ್ತದೆ. ಅವರಲ್ಲಿ ಒಬ್ಬ ನೀರಿನ ಹೋಸ್ ತಗೊಂಡು ತೊಳೆಯಲು ಶುರು ಮಾಡಿದ. ಆಮೇಲೆ ತಂತಿ ಬ್ರಷ್. ನಾನು ಪಕ್ಕದಲ್ಲೇ ನಿಂತಿದ್ದೆ.

"ಅದನ್ನು ಯಾಕೆ ತೊಳೀತಿದ್ದೀರಾ?" ಎಂದೆ.

"ಕ್ಲೀನ್ ಮಾಡಿದ್ರೆ ಗುಳಿಗಳ ಫೋಟೋ ಚೆನ್ನಾಗಿ ಬರುತ್ತೆ ಸರ್."

ನಾನು ಸುಮ್ಮನಾದೆ. ಈ ಸುಮ್ಮನಾಗಿದ್ದೇ ಇವತ್ತಿಗೂ ಚುಚ್ಚುತ್ತಿದೆ. ಆ ಕೆಸರು ಚರಂಡಿಗೆ ಹರಿದು ಹೋಗುವುದನ್ನು ಕಣ್ಣಾರೆ ನೋಡಿದೆ. ಪೈಪ್‌ನ ಮೇಲು ಯಾವುದು, ತಳ ಯಾವುದು, ನೀರು ಯಾವ ಕಡೆಗೆ ಹರಿಯುತ್ತಿತ್ತು ಎಂದು ತುಂಡಿನ ಮೇಲೆ ಒಂದು ಬಾಣದ ಗುರುತೂ ಹಾಕಲಿಲ್ಲ.

ನೀರಿನ ಸ್ಯಾಂಪಲ್ ಕಥೆ ಇನ್ನೂ ಕೆಟ್ಟದು. ನಮ್ಮ ಟೆಕ್ನಿಷಿಯನ್ ಹುಡುಗ ಸ್ಥಳದಲ್ಲೇ ಮೀಟರ್ ಇಟ್ಟು ಪಿಎಚ್ ನೋಡಿದ (7ಕ್ಕಿಂತ ಕಡಿಮೆ ಇದ್ದಷ್ಟೂ ನೀರು ಹೆಚ್ಚು ಆಮ್ಲೀಯ). 5.6. ತನ್ನ ಪಾಕೆಟ್ ಪುಸ್ತಕದಲ್ಲಿ ಬರೆದುಕೊಂಡ. ಬಂದವರು ಮಾತ್ರ ಕುಡಿಯುವ ನೀರಿನ ಖಾಲಿ ಬಾಟಲಿಗೆ ಅರ್ಧ ತುಂಬಿ, ಕಾರಿನ ಹಿಂದೆ ಇಟ್ಟುಕೊಂಡರು. ಐಸ್ ಇಲ್ಲ. ಸ್ಟೆರೈಲ್ ಬಾಟಲಿ ಅಲ್ಲ. ಲ್ಯಾಬ್ ತಲುಪಿದ್ದು ನಾಲ್ಕನೇ ದಿನ. "ಲ್ಯಾಬ್‌ನಲ್ಲಿ ಎಲ್ಲಾ ನೋಡ್ಕೋತಾರೆ ಸರ್, ನೀವು ಟೆನ್ಷನ್ ತಗೋಬೇಡಿ" ಅಂದರು.

ಅರ್ಧ ತುಂಬಿದ ಬಾಟಲಿಯಲ್ಲಿ ಏನಾಗುತ್ತದೆ? ನೀರಲ್ಲಿ ಕರಗಿದ್ದ ಕಾರ್ಬನ್ ಡೈಆಕ್ಸೈಡ್ ಮೇಲಿನ ಖಾಲಿ ಜಾಗಕ್ಕೆ ಹೊರಬರುತ್ತದೆ. ಪಿಎಚ್ ಏರುತ್ತದೆ. ಬೆಚ್ಚಗಿನ ಕಾರಿನಲ್ಲಿ ನಾಲ್ಕು ದಿನ ಇದ್ದರೆ ಬ್ಯಾಕ್ಟೀರಿಯಾ ಬಾಟಲಿಯೊಳಗೇ ಬೆಳೆಯುತ್ತವೆ. ಇದು ಈ ಕೆಲಸದ ಮೊದಲ ಪಾಠ. ನನಗೆ ಗೊತ್ತಿದ್ದ ಪಾಠ.

ವರದಿ ಬಂತು. 42 ಪುಟ. ಬಣ್ಣಬಣ್ಣದ ಗ್ರಾಫ್‌ಗಳು, ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರಗಳು. ತೀರ್ಮಾನ ಒಂದೇ ಸಾಲು: ಬ್ಯಾಕ್ಟೀರಿಯಾದಿಂದ ಆದ ತುಕ್ಕು. ಆಧಾರ? ಗುಳಿಗಳು ಬಟ್ಟಲಿನ ಆಕಾರದಲ್ಲಿವೆ. ಲೋಹದ ಮೇಲೆ ಗಂಧಕ ಸಿಕ್ಕಿದೆ. ನೀರಲ್ಲಿ ಬ್ಯಾಕ್ಟೀರಿಯಾ ಜಾಸ್ತಿ ಇದೆ. ಪಿಎಚ್ 7.6 ಇರುವುದರಿಂದ ಕಾರ್ಬನ್ ಡೈಆಕ್ಸೈಡ್ ಕಾರಣವಲ್ಲ. ಕೊನೆಯ ಪುಟದಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಬಯೋಸೈಡ್ ಎಷ್ಟು ಹಾಕಬೇಕು ಅನ್ನುವ ಲೆಕ್ಕ. ಅವರದೇ ಬಯೋಸೈಡ್.

ಸಹಿ ಹಾಕಿದೆ. ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ನಿಂತು "ಬ್ಯಾಕ್ಟೀರಿಯಾ ಸಮಸ್ಯೆ, ಔಷಧಿ ಶುರು ಮಾಡಿದ್ದೇವೆ" ಎಂದು ಹೇಳಿದವನೂ ನಾನೇ. ಹಿಂದಿನ ಸಾಲಿನಲ್ಲಿ ಆ ಹುಡುಗ ಕೈ ಎತ್ತಿ "ಸರ್, ನಮ್ಮ ರೀಡಿಂಗ್ 5.6 ಇತ್ತಲ್ವಾ?" ಎಂದ. ಲ್ಯಾಬ್ ಮೀಟರ್ ನಿಖರವಾಗಿರುತ್ತದೆ, ನಮ್ಮದು ಹಳೆಯದು ಎಂದು ಅವನ ಬಾಯಿ ಮುಚ್ಚಿಸಿದೆ.

ಐದು ತಿಂಗಳು ಬಯೋಸೈಡ್ ಹಾಕಿದೆವು. ಐದನೇ ತಿಂಗಳ ಕೊನೆಗೆ ಮೊದಲ ತೂತಿನಿಂದ 40 ಮೀಟರ್ ಮುಂದೆ ಇನ್ನೊಂದು ತೂತು. ಅದೇ ತಗ್ಗು, ಅದೇ ತಳ.

ಅವತ್ತು ರಾತ್ರಿ ಕೂತು ವರದಿಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ಹೌದು, ಮೊದಲ ಬಾರಿಗೆ. 17ನೇ ಪುಟದಲ್ಲಿ ಒಂದು ಸಾಲು: ಉದ್ದದ ವೆಲ್ಡ್ ಜೋಡಣೆಯ ಬಳಿ ಗುಳಿಗಳು ಕಡಿಮೆ ಇವೆ. ನಮ್ಮ ಪೈಪ್ ಸೀಮ್‌ಲೆಸ್. ಅದರಲ್ಲಿ ಉದ್ದದ ವೆಲ್ಡ್ ಇಲ್ಲವೇ ಇಲ್ಲ! ಇನ್ಯಾರದೋ ಪೈಪ್‌ನ ವರದಿಯಿಂದ ಎತ್ತಿ ನನ್ನ ವರದಿಗೆ ಹಾಕಿದ್ದಾರೆ. ಆ ಸಾಲನ್ನು ನಾಲ್ಕು ಸಲ ಓದಿದೆ. ಕಿವಿ ಬಿಸಿಯಾಯಿತು. ಹಾಗಾದರೆ ಉಳಿದ 41 ಪುಟಗಳಲ್ಲಿ ನನ್ನದೆಷ್ಟು, ಬೇರೆಯವರದೆಷ್ಟು?

ಬೆಳಿಗ್ಗೆ ಫೋನ್ ಮಾಡಿದೆ.

"ಅದು ಟೈಪಿಂಗ್ ಮಿಸ್ಟೇಕ್ ಸರ್, ತೀರ್ಮಾನಕ್ಕೇನೂ ತೊಂದರೆ ಇಲ್ಲ."

ಪಿಎಚ್ ಬಗ್ಗೆ ಕೇಳಿದೆ. "ಲ್ಯಾಬ್‌ಗೆ ಬಂದ ಸ್ಯಾಂಪಲ್‌ಗೆ ಮಾತ್ರ ನಮ್ಮ ಜವಾಬ್ದಾರಿ ಸರ್." ಬಾಟಲಿಗೆ ತುಂಬಿದವರೇ ಅವರು!

ಲೈನ್‌ನ ಹರಿವು, ಇನ್‌ಹಿಬಿಟರ್ (ತುಕ್ಕು ತಡೆಯಲು ನೀರಿಗೆ ಬೆರೆಸುವ ರಾಸಾಯನಿಕ) ದಾಖಲೆ ಯಾಕೆ ಕೇಳಲಿಲ್ಲ ಎಂದೆ. "ಅದು ನಮ್ಮ ಸ್ಕೋಪ್‌ನಲ್ಲಿ ಇಲ್ಲ ಸರ್."

ಬಯೋಸೈಡ್ ಹಾಕಿದರೂ ಯಾಕೆ ತೂತು ಬಿತ್ತು? "ಡೋಸ್ ಸಾಕಾಗಿಲ್ಲ ಅನ್ಸುತ್ತೆ, ಡಬಲ್ ಮಾಡಿ ನೋಡೋಣ ಸರ್."

ನನ್ನ ಪೈಪ್ ತುಂಡು ವಾಪಸ್ ಕೊಡಿ ಎಂದೆ. "ಸ್ಕ್ರ್ಯಾಪ್‌ಗೆ ಹೋಯ್ತು ಸರ್, ಮೂರು ತಿಂಗಳಾದ ಮೇಲೆ ನಾವು ಇಟ್ಕೊಳ್ಳಲ್ಲ."

ಎರಡನೇ ಬಾರಿ ಬೇರೆಯವರನ್ನು ಕರೆಸಿದೆವು. ಇವರು ಏನನ್ನೂ ಮಾರುವುದಿಲ್ಲ, ತನಿಖೆ ಮಾತ್ರ ಮಾಡುತ್ತಾರೆ. ಅವರಲ್ಲಿ ಹಿರಿಯರೊಬ್ಬರು ಬಂದವರೇ ಮೊದಲು ಹೇಳಿದ್ದು, "ಯಾರೂ ಒಳಗೆ ಕೈ ಹಾಕಬೇಡಿ." ತುಂಡಿನ ಮೇಲೆ ಬಾಣ ಹಾಕಿದರು, 12 ಗಂಟೆ, 6 ಗಂಟೆ ಎಂದು ಬರೆದರು, ತೊಳೆಯದೇ ಫೋಟೋ ತೆಗೆದರು. ಬೂದು ಪದರವನ್ನು ಸ್ವಲ್ಪ ಕೆರೆದು, ಗಾಜಿನ ತಟ್ಟೆಗೆ ಹಾಕಿ, ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟರು. ನಿಧಾನಕ್ಕೆ ಗುಳ್ಳೆ ಬರತೊಡಗಿತು. ಲೆಡ್ ಅಸಿಟೇಟ್ ಕಾಗದ ಹಿಡಿದರು. ಬೆಳ್ಳಗೇ ಉಳಿಯಿತು. ಕೊಳೆತ ಮೊಟ್ಟೆಯ ವಾಸನೆಯೂ ಇಲ್ಲ. ತುಕ್ಕು ತರುವ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಬಿಟ್ಟುಹೋಗುವ ಐರನ್ ಸಲ್ಫೈಡ್ ಇದ್ದಿದ್ದರೆ ಆಮ್ಲ ಬಿದ್ದಾಗ ಹೈಡ್ರೋಜನ್ ಸಲ್ಫೈಡ್ ಎದ್ದು ಆ ಕಾಗದ ಕಪ್ಪಾಗಬೇಕಿತ್ತು. ಗುಳ್ಳೆ ಬಂದದ್ದರಿಂದ ಕಾರ್ಬೊನೇಟ್ ಇದೆ ಎಂದಾಯಿತು. ಆಮೇಲೆ ಎಕ್ಸ್‌ರೇ ಹಾಯಿಸಿ ಯಾವ ವಸ್ತು ಎಂದು ಗುರುತಿಸುವ ಎಕ್ಸ್‌ರೇ ಡಿಫ್ರಾಕ್ಷನ್ ಪರೀಕ್ಷೆಯಲ್ಲಿ ಅದು ಐರನ್ ಕಾರ್ಬೊನೇಟ್ ಎಂದು ಖಚಿತವಾಯಿತು. ಕಾರ್ಬನ್ ಡೈಆಕ್ಸೈಡ್ ತುಕ್ಕು ಬಿಟ್ಟು ಹೋಗುವ ಗುರುತು ಅದು.

ಐದು ನಿಮಿಷದ ಪರೀಕ್ಷೆ. ಐದು ನಿಮಿಷ. ಮೊದಲ ತುಂಡಿನ ಮೇಲೂ ಇದೇ ಪದರ ಇತ್ತು. ಅದನ್ನು ಹೋಸ್ ಹಿಡಿದು ತೊಳೆದುಬಿಟ್ಟರು.

ಹಾಗಾದರೆ ಮೊದಲ ವರದಿಯ ಗಂಧಕ? ಗಂಧಕ ತೋರಿಸಿದ ಲ್ಯಾಬ್ ಯಂತ್ರ ಯಾವ ಮೂಲಧಾತು ಇದೆ ಎಂದು ಹೇಳುತ್ತದೆಯೇ ಹೊರತು ಅದು ಸಲ್ಫೈಡೋ ಸಲ್ಫೇಟೋ ಎಂದು ಹೇಳಲ್ಲ. ಉಪ್ಪುನೀರು ಒಣಗಿ ಉಳಿದ ಸಲ್ಫೇಟ್ ಕೂಡ ಗಂಧಕ ಎಂದೇ ಕಾಣುತ್ತದೆ. ಬಟ್ಟಲಿನಂಥ ಗುಳಿ ಬೇರೆ ಕಾರಣಗಳಿಂದಲೂ ಆಗುತ್ತದೆ. ಬ್ಯಾಕ್ಟೀರಿಯಾ ಅಂತೂ ಇಂಥ ನೀರಲ್ಲಿ ಎಲ್ಲೆಲ್ಲೂ ಇರುತ್ತವೆ, ಇದ್ದ ಮಾತ್ರಕ್ಕೆ ಅವೇ ಪೈಪ್ ತಿಂದವು ಎಂದಾಗಲ್ಲ. ಈ ಸಲ ಸ್ಟೆರೈಲ್ ಬಾಟಲಿಯಲ್ಲಿ ತುಂಬಿ, ಐಸ್‌ನಲ್ಲಿಟ್ಟು, ಅದೇ ದಿನ ಲ್ಯಾಬ್‌ಗೆ ಮುಟ್ಟಿಸಿದರು. ಕೆಸರನ್ನೂ ಹಾಗೇ ಕಳಿಸಿದರು. ಎಣಿಕೆ ತೀರಾ ಕಡಿಮೆ ಬಂತು.

ಬಯೋಸೈಡ್‌ನಿಂದಲೇ ಕಡಿಮೆಯಾಗಿದೆ ಎಂದು ಮೊದಲ ಕಂಪನಿಯವರು ವಾದಿಸಿದರು. ಹಾಗಿದ್ದರೆ ತುಕ್ಕು ನಿಲ್ಲಬೇಕಿತ್ತಲ್ವಾ?

ಆ ಹಿರಿಯರು ಕೊನೆಗೆ ಕೇಳಿದ್ದು ಆಪರೇಷನ್ ದಾಖಲೆಗಳನ್ನು. ಎರಡು ವರ್ಷದ ಹಿಂದೆ ಒಂದು ಕಡೆಯಿಂದ ಬರುತ್ತಿದ್ದ ನೀರು ನಿಂತುಹೋಗಿ ಹರಿವು ಇಳಿದಿತ್ತು. ಸೆಕೆಂಡಿಗೆ ಸುಮಾರು 1 ಮೀಟರ್ ಓಡುತ್ತಿದ್ದ ನೀರು 0.3 ಮೀಟರ್‌ಗೆ ಬಂದಿತ್ತು. ಮರಳು ತಗ್ಗಿನಲ್ಲಿ ಕೂತಿತು. ಆ ಕೆಸರಿನಡಿಗೆ ಇನ್‌ಹಿಬಿಟರ್ ತಲುಪಲೇ ಇಲ್ಲ. ಅದಕ್ಕಿಂತ ಮುಖ್ಯ, ಇನ್‌ಹಿಬಿಟರ್ ಟ್ಯಾಂಕ್‌ನ ಮಟ್ಟ ಏಳು ವಾರ ಒಂದು ಗೆರೆಯೂ ಇಳಿದಿರಲಿಲ್ಲ. ಪಂಪ್ ಓಡುತ್ತಿದೆ ಎಂದು ಹಸಿರು ದೀಪ ಉರಿಯುತ್ತಿತ್ತು, ಒಳಗೆ ವಾಲ್ವ್ ಅಂಟಿಕೊಂಡಿತ್ತು. ಶಿಫ್ಟ್ ಪುಸ್ತಕದಲ್ಲಿ ದಿನಾ ಅದೇ ಅಂಕಿ ಬರೆದಿದ್ದಾರೆ. ನಾವೂ ನೋಡಲಿಲ್ಲ, ತನಿಖೆಗೆ ಬಂದವರೂ ನೋಡಲಿಲ್ಲ.

ತಗ್ಗಿನ ಜಾಗ, ನಿಂತ ನೀರು, ಕೆಸರು. ಇದು ಹೊಸ ವಿಷಯವೇನೂ ಅಲ್ಲ. 2000ದ ಆಗಸ್ಟ್ 19ರಂದು ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ಕಾರ್ಲ್ಸ್‌ಬಾಡ್ ಬಳಿ 30 ಇಂಚಿನ ಗ್ಯಾಸ್ ಲೈನ್ ಸಿಡಿದು, ನದಿ ಪಕ್ಕ ಟೆಂಟ್ ಹಾಕಿದ್ದ 12 ಜನ ಸತ್ತರು. ಅಲ್ಲೂ ತಗ್ಗಿನಲ್ಲಿ ದ್ರವ ನಿಂತು ಪೈಪ್ ಒಳಗಿಂದ ಸವೆದಿತ್ತು. ಅಲ್ಲಿನ ತನಿಖೆ ಬ್ಯಾಕ್ಟೀರಿಯಾವನ್ನೂ ನೋಡಿತು, ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್, ಆಮ್ಲಜನಕ, ಕ್ಲೋರೈಡ್ ಎಲ್ಲವನ್ನೂ ನೋಡಿತು. 2006ರ ಮಾರ್ಚ್‌ನಲ್ಲಿ ಅಲಾಸ್ಕಾದ ಪ್ರೂಡೋ ಬೇನಲ್ಲಿ 34 ಇಂಚಿನ ಎಣ್ಣೆ ಲೈನ್ ಸೋರಿ 2 ಲಕ್ಷ ಗ್ಯಾಲನ್‌ಗಿಂತ ಜಾಸ್ತಿ ಎಣ್ಣೆ ನೆಲಕ್ಕೆ ಹೋಯಿತು. ಅಲ್ಲೂ ಒಳಗಿನ ತುಕ್ಕೇ. ಒಂದು ಚಿಕ್ಕ ತೂತು ಸಾಕಾಯಿತು. ನಮ್ಮದು ನೀರಿನ ಲೈನ್, ಅದಕ್ಕೇ ಯಾರಿಗೂ ಏನೂ ಆಗಲಿಲ್ಲ. ಗ್ಯಾಸ್ ಲೈನ್ ಆಗಿದ್ದರೆ? ಇದನ್ನು ನೆನೆದರೆ ಇವತ್ತಿಗೂ ನಿದ್ದೆ ಬರಲ್ಲ.

ನನ್ನ ಮಾತು ಇಷ್ಟೇ. ರಾಸಾಯನಿಕ ಮಾರುವವರ ಕೈಗೆ ತನಿಖೆ ಕೊಡಬೇಡಿ. ಪೈಪ್ ತುಂಡನ್ನು ತೊಳೆಯಲು ಬಿಡಬೇಡಿ. ಮತ್ತೆ ಹೇಳುತ್ತೇನೆ, ತೊಳೆಯಲು ಬಿಡಬೇಡಿ, ಬ್ರಷ್ ಕಿತ್ತುಕೊಳ್ಳಿ. ಪಿಎಚ್ ಸ್ಥಳದಲ್ಲೇ ಅಳೆದು ಅವರ ಕೈಯಲ್ಲಿ ಸಹಿ ಹಾಕಿಸಿಕೊಳ್ಳಿ. ತುಂಡು ಉದ್ದವಿದ್ದರೆ ಅರ್ಧ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಹರಿವು, ಇನ್‌ಹಿಬಿಟರ್ ದಾಖಲೆ ಕೇಳದವರು ವರದಿ ಕೊಟ್ಟರೆ ಸಹಿ ಹಾಕಬೇಡಿ. ವರದಿಯನ್ನು ಪೂರ್ತಿ ಓದಿ. ನಾನು ಓದಲಿಲ್ಲ.

ಆ ಹುಡುಗನ ಹತ್ತಿರ ಕ್ಷಮೆ ಕೇಳಿದೆ, ಅದೇ ಮೀಟಿಂಗ್ ಕೋಣೆಯಲ್ಲಿ, ಅವತ್ತು ಇದ್ದವರೆಲ್ಲರ ಎದುರಿಗೆ. ಅವನ ಪಾಕೆಟ್ ಪುಸ್ತಕದ ಆ ಪುಟ, 5.6 ಎಂದು ನೀಲಿ ಪೆನ್ನಿನಲ್ಲಿ ಬರೆದದ್ದು, ಈಗ ಫೈಲ್‌ನಲ್ಲಿ ಮೊದಲ ಹಾಳೆಯಾಗಿದೆ.

ನಿನ್ನೆ ಆ ಕಂಪನಿಯಿಂದ ಮೆಸೇಜ್ ಬಂತು. "ಸರ್, ಮುಂದಿನ ಡ್ರಮ್‌ಗಳು ಯಾವಾಗ ಕಳಿಸೋಣ?"