ಸವೆದ ಉಣ್ಣೆಯ ಸ್ವೆಟರಿಗೆ ಅಂಟುವಾಳ: ಎರಡು ಚಳಿಗಾಲದ ಬಳಕೆಯ ನಂತರ

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ನಾರು-ಬೇರು ಮಾರುವ ಅಂಗಡಿಯೊಂದರಿಂದ ಕಾಲು ಕಿಲೋ ಅಂಟುವಾಳ ತಂದು, ಎರಡು ಚಳಿಗಾಲಗಳಿಂದ ಮನೆಯ ಉಣ್ಣೆ ಬಟ್ಟೆಗಳನ್ನು ಅದರಲ್ಲೇ ತೊಳೆಯುತ್ತಿದ್ದೇನೆ. ಅವುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ನಮ್ಮ ಅವ್ವ ಅಪ್ಪನಿಗೆಂದು ಇಪ್ಪತ್ತು ವರ್ಷಗಳ ಹಿಂದೆ ಹೆಣೆದುಕೊಟ್ಟ ಕಂದು ಸ್ವೆಟರು. ಮೊಣಕೈಯ ಬಳಿ ನೂಲು ಸವೆದು, ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣುತ್ತದೆ. ಅದರ ಜೊತೆಯದನ್ನು ಧಾರವಾಡದ ಲಾಂಡ್ರಿಯೊಂದಕ್ಕೆ ಕೊಟ್ಟಿದ್ದೆವು. ಬಿಸಿನೀರಿನ ಯಂತ್ರಕ್ಕೆ ಬಿದ್ದು, ಮಗುವಿನ ಅಳತೆಗೆ ಕುಗ್ಗಿ ಹಲಗೆಯಂತಾಗಿ ಮರಳಿತು. ಆ ನೋವು ಇನ್ನೂ ಹೋಗಿಲ್ಲ.

ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂತಹ ಸೂಕ್ಷ್ಮ ಪದರಗಳಿರುತ್ತವೆ. ಬಿಸಿ, ಕ್ಷಾರ, ತಿಕ್ಕಾಟ ಮೂರೂ ಸೇರಿದರೆ ಅವು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ, ಮತ್ತೆ ಬಿಡಿಸಲು ಬರುವುದಿಲ್ಲ. ಬಟ್ಟೆ ಸಾಬೂನು ಕ್ಷಾರಯುಕ್ತ. ಅಂಟುವಾಳದ ನೊರೆ ಅದರ ಸಿಪ್ಪೆಯಲ್ಲಿರುವ ಸಪೋನಿನ್‌ನಿಂದ ಬರುವಂಥದ್ದು, ಆ ನೀರು ತುಸು ಆಮ್ಲೀಯವೇ ಆಗಿರುತ್ತದೆ. ಮಲಪ್ರಭೆಯ ನೀರು ಬಾರದ ದಿನ ನಮಗೆ ಬೋರಿನ ಗಡಸು ನೀರೇ ಗತಿ. ಅದರಲ್ಲಿ ಸಾಬೂನು ಒಡೆದು ಎಳೆಗಳಿಗೆ ಮೆತ್ತಿಕೊಳ್ಳುತ್ತಿದ್ದ ಬಿಳಿ ಜಿಗುಟು ಈಗ ಕಾಣುತ್ತಿಲ್ಲ.

ಬೀಜ ತೆಗೆದ ಹತ್ತು ಕಾಯಿಗಳ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಸೋಸಿ, ಅರ್ಧ ಬಕೆಟ್ ತಣ್ಣೀರಿಗೆ ಬೆರೆಸುತ್ತೇನೆ. ಸ್ವೆಟರನ್ನು ಒಳಮಗ್ಗಲು ಹೊರಗೆ ಮಾಡಿ ಅದರಲ್ಲಿ ಅದ್ದಿ, ಹತ್ತು ನಿಮಿಷ ಅಂಗೈಯಿಂದ ಮೆಲ್ಲಗೆ ಒತ್ತಿದರೆ ನೀರು ಚಹಾದ ಬಣ್ಣಕ್ಕೆ ತಿರುಗಿ, ಹಸಿ ಉಣ್ಣೆಯ ಕುರಿವಾಸನೆಯೊಡನೆ ಚಳಿಗಾಲದ ಧೂಳೆಲ್ಲ ತಳಕ್ಕಿಳಿಯುತ್ತದೆ. ಹಿಂಡಬಾರದು, ಟವೆಲ್ಲಿನಲ್ಲಿ ಸುತ್ತಿ ಅದುಮಿ, ನೆರಳಿನಲ್ಲಿ ಹೊರಸಿನ ಮೇಲೆ ಹರವಬೇಕು. ಹಗ್ಗಕ್ಕೆ ತೂಗುಹಾಕಿದರೆ ನೀರಿನ ಭಾರಕ್ಕೆ ಹೆಣಿಗೆ ಜೋತುಬೀಳುತ್ತದೆ, ಸವೆದ ಮೊಣಕೈಯಂತೂ ಅಲ್ಲಿಯೇ ಹರಿಯುತ್ತದೆ.

ಕೊರತೆಗಳನ್ನೂ ಹೇಳಬೇಕು. ಕೊರಳಪಟ್ಟಿಯ ಎಣ್ಣೆಜಿಡ್ಡು ಇದರಿಂದ ಪೂರ್ತಿ ಹೋಗಲಿಲ್ಲ, ಎರಡನೆಯ ಬಾರಿ ನೆನೆಸಬೇಕಾಯಿತು. ಬಿಳಿ ಶಾಲಿಗೆ ತೆಳು ಹಳದಿ ಛಾಯೆ ಬಂದಿತು, ಆದುದರಿಂದ ತಿಳಿ ಬಣ್ಣಕ್ಕೆ ನಾನು ಇದನ್ನು ಹೇಳಲಾರೆ. ಕುದಿಸಿದ ನೀರು ಮೂರು ದಿನಕ್ಕೆ ಹುಳಿ ವಾಸನೆ ಹೊಡೆಯುತ್ತದೆ, ಕಣ್ಣಿಗೆ ಸಿಡಿದರೆ ವಿಪರೀತ ಉರಿಯುತ್ತದೆ. ಹುಣಸೆಬೀಜದ ಗಂಜಿ ಕೊಟ್ಟು ನೇಯ್ದ ನಮ್ಮ ಕಡೆಯ ಕರಿ ಕಂಬಳಿಯನ್ನು ನೀರಿಗೆ ಹಾಕಿದರೆ ಆ ಬಿಗುವೇ ಹೋಗುತ್ತದೆ; ಅದನ್ನು ನಾನು ಬಿಸಿಲಿಗೆ ಹಾಕಿ ಝಾಡಿಸುವುದಷ್ಟೇ.

ಕಳೆದ ವಾರ ಒಣಗಿದ ಸ್ವೆಟರನ್ನು ಅಳೆದೆ. ತೋಳು ಎರಡು ವರ್ಷಗಳ ಹಿಂದೆ ಬರೆದಿಟ್ಟ ಅಳತೆಯಷ್ಟೇ ಇದೆ, ಮೊಣಕೈಯ ತೆಳುವಾದ ಭಾಗ ಹಿಗ್ಗಿಲ್ಲ. ಅವ್ವ ಅದೇ ಕಂದು ಬಣ್ಣದ ನೂಲಿನಿಂದ ಅಲ್ಲಿಗೆ ಒಳಗಿನಿಂದ ರಫು ಮಾಡುತ್ತಿದ್ದಾರೆ.