ಅಘನಾಶಿನಿಯೋ ಶರಾವತಿಯೋ? ಅಳಿವೆ ಆರಿಸುವವರಿಗೆ

ಜೀವವೈವಿಧ್ಯದ ಅಧ್ಯಯನಕ್ಕೆ ಉತ್ತರ ಕನ್ನಡದಲ್ಲಿ ಒಂದು ಅಳಿವೆ (ನದಿ ಕಡಲು ಸೇರುವ ಜಾಗ) ಹುಡುಕುತ್ತಿದ್ದೀರಾ? ಕುಮಟಾದ ಅಘನಾಶಿನಿ, ಹೊನ್ನಾವರದ ಶರಾವತಿ, ಎರಡೂ ಅಕ್ಕಪಕ್ಕದ ತಾಲ್ಲೂಕುಗಳಲ್ಲೇ ಇವೆ. ಮಳೆ ಒಂದೇ, ಕಡಲೂ ಒಂದೇ. ಆದರೆ ನೀರಿನ ಕಥೆ ಬೇರೆ.

ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಸಿಹಿನೀರು ನುಗ್ಗುತ್ತದೆ, ಬೇಸಿಗೆಯಲ್ಲಿ ಉಪ್ಪು ಒಳಗೆ ಏರುತ್ತದೆ. ಈ ಏರಿಳಿತವನ್ನೇ ನಂಬಿ ಬದುಕುವ ಜೀವಿಗಳು ಇಲ್ಲಿ ಜಾಸ್ತಿ. ಕಡಲಿನ ಇಳಿತದ ಹೊತ್ತಿಗೆ ಬನ್ನಿ: ಸೊಂಟದ ನೀರಲ್ಲಿ ನಿಂತು ಬೆಳಚು (ತಿನ್ನುವ ಚಿಪ್ಪಿಕಲ್ಲು) ಆರಿಸುವವರು ಕಾಣುತ್ತಾರೆ. ಪಕ್ಕದಲ್ಲಿ ಉಬ್ಬರದ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ, ಭತ್ತ ಮುಗಿದ ಮೇಲೆ ಸಿಗಡಿ, ಮೀನು. ಕಾಂಡ್ಲಾ (ಮ್ಯಾಂಗ್ರೋವ್), ಕೆಸರು ಬಯಲು, ಹಕ್ಕಿ, ಗದ್ದೆ ಎಲ್ಲವೂ ಒಂದೇ ದಿನದ ಓಡಾಟದಲ್ಲಿ! 2024ರಲ್ಲಿ ಇದು ರಾಮ್ಸಾರ್ ತಾಣಗಳ (ಜಾಗತಿಕ ಮಹತ್ವದ ಜೌಗು ಪ್ರದೇಶಗಳ) ಪಟ್ಟಿಗೂ ಸೇರಿತು.

ಶರಾವತಿಗೆ 1964ರಿಂದ ಲಿಂಗನಮಕ್ಕಿ ಅಣೆಕಟ್ಟು ಇದೆ. ವಿದ್ಯುತ್ ತಯಾರಿಸಿ ಬಿಟ್ಟ ನೀರು ಬೇಸಿಗೆಯಲ್ಲೂ ಹರಿಯುವುದರಿಂದ ಅಳಿವೆಯ ಉಪ್ಪಿನಂಶ ತಗ್ಗಿದೆ, ಚಿಪ್ಪಿಕಲ್ಲುಗಳು ಸೊರಗಿವೆ. ಅಣೆಕಟ್ಟು ಅಳಿವೆಗೆ ಏನು ಮಾಡುತ್ತದೆ ಎಂಬುದೇ ನಿಮ್ಮ ಪ್ರಶ್ನೆಯಾದರೆ ಇಲ್ಲಿಗೇ ಬನ್ನಿ. ಮಕ್ಕಳನ್ನು ಕರೆದುಕೊಂಡು ಬಂದರೆ ಕಾಸರಕೋಡಿನ ಕಾಂಡ್ಲಾ ಕಾಲುದಾರಿ ತುಂಬಾ ಅನುಕೂಲ.

ಒಂದನ್ನೇ ಆರಿಸಬೇಕೆಂದರೆ ನಾನು ಅಘನಾಶಿನಿ ಎನ್ನುತ್ತೇನೆ. ಎರಡು ವರ್ಷ ಸಮಯವಿದ್ದರೆ ಎರಡರಲ್ಲೂ ಅದದೇ ತಿಂಗಳಲ್ಲಿ, ಕಡಲಿನ ಅದೇ ಇಳಿತದ ಹೊತ್ತಿನಲ್ಲಿ ಮಾದರಿ ತೆಗೆಯಿರಿ. ಸುಮ್ನೆ ಒಂದು ಮಳೆಗಾಲ ನೋಡಿ ಬರೆಯಬೇಡಿ. ಬೆಳಚು ತೆಗೆಯುವ ಅಕ್ಕಂದಿರನ್ನು ಮೊದಲು ಮಾತಾಡಿಸಿ. ಯಾವ ಕೆಸರಲ್ಲಿ ಏನಿದೆ ಎಂದು ಅವರಿಗೆ ಗೊತ್ತು.